ಅಜ್ಜಿಯ ಹಸಿರು ಸೀರೆ ಫೋಟೊ: ಕಂಪ್ಯೂಟರಿನಲ್ಲಿ ಹುಡುಕಿ, ಕೆಡದಂತೆ ಕಳಿಸುವ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದರು. ಅಜ್ಜಿಯ ವರ್ಷದ ತಿಥಿಗೆ ಇನ್ನು ನಾಲ್ಕೇ ದಿನ. "ಅದೇ ಕಣೋ, ಅಮ್ಮ ಹಸಿರು ಸೀರೆ ಉಟ್ಕೊಂಡು ಜಗಲಿ ಮೇಲೆ ಹೂ ಕಟ್ತಾ ಕೂತಿದ್ರಲ್ಲ, ಆ ಫೋಟೊ ಕಳ್ಸು. ದೊಡ್ಡದು ಮಾಡ್ಸಿ ಕಟ್ಟು ಹಾಕಿಸ್ಬೇಕು" ಅಂದರು. ಯಾವ ವರ್ಷದ್ದು ಅಂತ ಕೇಳಿದೆ. "ನಮ್ಮಣ್ಣನ ಮಗಳ ಮದುವೆ ಆಯ್ತಲ್ಲ, ಅದಾದ್ಮೇಲೆ."

ಜನ ಫೋಟೊ ಕೇಳುವುದೇ ಹೀಗೆ. ಸೀರೆಯ ಬಣ್ಣ, ಜಗಲಿ, ಯಾರದೋ ಮದುವೆ. ಕಂಪ್ಯೂಟರಿಗೆ ಗೊತ್ತಿರುವುದು ಮಾತ್ರ ಡಿಎಸ್‌ಸಿ_0417 ಅನ್ನುವ ಹೆಸರು. ನನ್ನ ಹಾರ್ಡ್ ಡಿಸ್ಕಿನಲ್ಲಿ ಮೂವತ್ತು ಸಾವಿರಕ್ಕಿಂತ ಜಾಸ್ತಿ ಫೋಟೊ ಇದ್ದವು. ಫೋಲ್ಡರುಗಳ ಹೆಸರು ಕೇಳಿ: "ನ್ಯೂ ಫೋಲ್ಡರ್ (3)", "ಅಮ್ಮನ ಫೋನ್ ಹಳೇದು", "ಪೆನ್ ಡ್ರೈವ್ ಎಲ್ಲಾ". ಮಧ್ಯಾಹ್ನ ಮೂರು ಗಂಟೆಗೆ ಫೋಟೊ ಸಿಕ್ಕಿತು. ಎಂದಿನಂತೆ ವಾಟ್ಸಾಪಿನಲ್ಲಿ ಕಳಿಸಿದೆ. ಸಂಜೆ ಮತ್ತೆ ಫೋನ್. ಸ್ಟುಡಿಯೊದವರು "ಇದನ್ನ ದೊಡ್ಡದು ಮಾಡಿದ್ರೆ ಒಡೆದುಹೋಗುತ್ತೆ, ಒರಿಜಿನಲ್ ತರಿಸಿ" ಅಂದರಂತೆ.

ಹುಡುಕಲು ಆರು ಗಂಟೆ, ಕಳಿಸಿದ್ದೂ ತಪ್ಪು. ಆ ವಾರವೇ ಕೂತು ಎಲ್ಲವನ್ನೂ ಒಂದು ದಾರಿಗೆ ತಂದೆ. ಹೇಗೆ ಅನ್ನುವುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಯಾವ ಸಾಫ್ಟ್‌ವೇರ್?

ನಾನು ಬಳಸುವುದು ಡಿಜಿಕ್ಯಾಮ್, ಫೋಟೊ ಜೋಡಿಸಿಡಲು, ಹುಡುಕಲು ಇರುವ ಸಾಫ್ಟ್‌ವೇರ್. 2001ರಲ್ಲಿ ರೆಂಚಿ ರಾಜು ಎಂಬುವರು ಶುರು ಮಾಡಿದ್ದು. ಈಗ ಕೆಡಿಇ ಅನ್ನುವ ಮುಕ್ತ ಸಾಫ್ಟ್‌ವೇರ್ ಸಮುದಾಯದ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಪೂರ್ತಿ ಉಚಿತ, ಜಾಹೀರಾತು ಇಲ್ಲ, ಲಾಗಿನ್ ಕೇಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ನಿಮ್ಮಲ್ಲಿ ಎಷ್ಟೋ ಜನ ಹಿಂದೆ ಪಿಕಾಸಾ ಅನ್ನುವ ಫೋಟೊ ಸಾಫ್ಟ್‌ವೇರ್ ಬಳಸಿರುತ್ತೀರಿ. ನಾನೂ ಬಳಸಿದ್ದೆ, ಚೆನ್ನಾಗಿತ್ತು. ಗೂಗಲ್ ಅದನ್ನು 2016ರ ಮಾರ್ಚಿನಲ್ಲಿ ನಿಲ್ಲಿಸಿತು. ಪಿಕಾಸಾದಲ್ಲಿ ಮುಖಗಳಿಗೆ ಕೊಟ್ಟ ಹೆಸರುಗಳು ಸಾಮಾನ್ಯವಾಗಿ ಫೋಟೊದ ಒಳಗೆ ಇರುತ್ತಿರಲಿಲ್ಲ. ಪ್ರತಿ ಫೋಲ್ಡರಿನಲ್ಲಿ ಅಡಗಿ ಕೂತ ಒಂದು ಪುಟ್ಟ ಐಎನ್‌ಐ ಫೈಲಿನಲ್ಲಿ ಇರುತ್ತಿದ್ದವು. ಫೋಟೊ ಮಾತ್ರ ಬೇರೆ ಕಡೆ ಕಾಪಿ ಮಾಡಿದಿರೋ, ಹೆಸರು ಅಲ್ಲೇ ಉಳಿಯಿತು. ಹಾಗಾಗಿ ಯಾವ ಸಾಫ್ಟ್‌ವೇರ್ ಆದರೂ ಸರಿ, ನಾನು ಮೊದಲು ಕೇಳುವುದು ಒಂದೇ: ನಾನು ಬರೆದದ್ದು ಫೋಟೊದ ಜೊತೆಗೇ ಹೋಗುತ್ತದಾ?

ಡಿಜಿಕ್ಯಾಮಿನಲ್ಲಿ ಹೋಗುತ್ತದೆ, ನೀವು ಹಾಗೆ ಹೇಳಿಟ್ಟರೆ. ಇನ್ನೊಂದು ಅನುಕೂಲ: ಅದರಲ್ಲಿ ಆಲ್ಬಮ್ ಅಂದರೆ ನಿಮ್ಮ ಡಿಸ್ಕಿನ ಫೋಲ್ಡರೇ. ಫೋಟೊಗಳನ್ನು ತನ್ನದೇ ಪೆಟ್ಟಿಗೆಗೆ ಎಳೆದುಕೊಂಡು ಬೀಗ ಹಾಕುವುದಿಲ್ಲ.

ಮ್ಯಾಕ್‌ನ ಫೋಟೋಸ್ ಬಳಸುವವರಿಗೆ ಇಲ್ಲೇ ಒಂದು ಮಾತು. ಅಲ್ಲಿ ಎಲ್ಲವೂ ಫೋಟೋಸ್ ಲೈಬ್ರರಿ ಅನ್ನುವ ಒಂದೇ ಗಂಟಿನಲ್ಲಿರುತ್ತವೆ. ಆ ಗಂಟು ಬಿಚ್ಚಿ ಒಳಗೆ ಕೈ ಹಾಕಬೇಡಿ. ಬೇಕಾದ ಚಿತ್ರಗಳನ್ನು ಆಯ್ದು, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದಲೇ ಹೊರತೆಗೆಯಿರಿ. "ಅನ್‌ಮಾಡಿಫೈಡ್ ಒರಿಜಿನಲ್" ಆಯ್ಕೆ ಕೊಟ್ಟರೆ ಕ್ಯಾಮೆರಾ ಕೊಟ್ಟ ಫೈಲೇ ಬರುತ್ತದೆ.

ಮೊದಲ ಸಲ ತೆರೆದಾಗ

ಡಿಜಿಕ್ಯಾಮ್ ಮೊದಲ ಸಲ ಶುರುವಾದಾಗ ಒಂದಷ್ಟು ಪ್ರಶ್ನೆ ಕೇಳುತ್ತದೆ. ಜಾಸ್ತಿ ಯೋಚಿಸಬೇಕಾದ್ದು ಎರಡಕ್ಕೆ ಮಾತ್ರ.

ಮೊದಲನೆಯದು, ಫೋಟೊಗಳು ಎಲ್ಲಿವೆ ಅಂತ. ಇದಕ್ಕೆ ಮುಂಚೆಯೇ ಚೆದುರಿದ್ದನ್ನೆಲ್ಲ ಒಂದೇ ದೊಡ್ಡ ಫೋಲ್ಡರಿನ ಕೆಳಗೆ ತನ್ನಿ. ಒಳಗೆ ಎಷ್ಟು ಗಲೀಜಿದ್ದರೂ ಈಗ ಪರವಾಗಿಲ್ಲ. ಬೇರು ಒಂದಿರಲಿ, ಅಷ್ಟೆ. ನನ್ನದು ಡಿ ಡ್ರೈವಿನಲ್ಲಿ "ಫೋಟೊ" ಅನ್ನುವ ಫೋಲ್ಡರ್, ಅದರೊಳಗೆ ವರ್ಷಕ್ಕೊಂದು.

ಎರಡನೆಯದು, ನೀವು ಬರೆಯುವ ವಿವರಗಳನ್ನು ಫೈಲಿಗೆ ಸೇರಿಸಬೇಕಾ ಅಂತ. ಸೇರಿಸಿ ಅನ್ನಿ. ಆಗಲೇ ಬೇಡ ಅಂದುಬಿಟ್ಟಿದ್ದರೆ ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಡಿಜಿಕ್ಯಾಮ್ ತೆರೆದು, ಮೆಟಾಡೇಟಾ ಪುಟಕ್ಕೆ ಹೋಗಿ. ಅಲ್ಲಿ ಟ್ಯಾಗ್ (ಫೋಟೊಗೆ ಅಂಟಿಸುವ ಚೀಟಿ), ಮುಖದ ಟ್ಯಾಗ್, ಕ್ಯಾಪ್ಶನ್ (ಫೋಟೊ ಬಗ್ಗೆ ಬರೆಯುವ ಸಾಲು), ರೇಟಿಂಗ್ (ನಕ್ಷತ್ರ), ದಿನಾಂಕ ಇವುಗಳ ಮುಂದೆ ಗುರುತು ಹಾಕಿ. ಮೆಟಾಡೇಟಾ ಅಂದರೆ ಗಾಬರಿ ಬೇಡ. ಹಿಂದೆ ಫೋಟೊದ ಬೆನ್ನಿಗೆ ಪೆನ್ನಿನಲ್ಲಿ "ಧರ್ಮಸ್ಥಳ, ಮೇ 1987" ಅಂತ ಬರೆದಿಡುತ್ತಿದ್ದರಲ್ಲ, ಅದೇ ಇದು. ಜೆಪೆಗ್ ಅನ್ನುವ ಮಾಮೂಲಿ ಫೋಟೊ ಫೈಲಿನ ಬೆನ್ನಲ್ಲೂ ಬರೆಯಲು ಜಾಗ ಇದೆ. ಕ್ಯಾಮೆರಾ ತಾನೇ ದಿನಾಂಕ, ಸಮಯ, ಮಾಡೆಲ್ ಬರೆದಿರುತ್ತದೆ. ಫೋನಾದರೆ ಲೊಕೇಶನ್ ಕೂಡ.

ಉಳಿದ ಪ್ರಶ್ನೆಗಳಿಗೆ ಅದೇ ತೋರಿಸುವ ಉತ್ತರ ಸಾಕು. ಡೇಟಾಬೇಸ್ ಎಸ್‌ಕ್ಯೂಲೈಟ್ ಇರಲಿ. ಮುಖ ಗುರುತಿಸಲು ಬೇಕಾದ ಫೈಲುಗಳನ್ನು ಇಳಿಸಿಕೊಳ್ಳಲಾ ಅಂತ ಕೇಳಿದರೆ ಹೂಂ ಅನ್ನಿ. ಕೆಲವು ನೂರು ಎಂಬಿ ಇರುತ್ತದೆ, ಮನೆಯ ವೈಫೈನಲ್ಲೇ ಮಾಡಿ. ಆಮೇಲೆ ಅದು ಎಲ್ಲ ಫೋಟೊಗಳನ್ನು ಒಂದು ಸಲ ಓದುತ್ತದೆ. ಜಾಸ್ತಿ ಇದ್ದರೆ ಊಟ ಮುಗಿಸಿ ಬನ್ನಿ.

ಇಲ್ಲೊಂದು ಸಣ್ಣ ವಿಷಯಕ್ಕೆ ನಾನು ಅರ್ಧ ದಿನ ತಲೆ ಕೆಡಿಸಿಕೊಂಡೆ. ಫೋಲ್ಡರ್ ಒತ್ತಿದರೆ ಖಾಲಿ ಕಾಣುತ್ತಿತ್ತು. ಫೋಟೊ ಎಲ್ಲ ಹೋಯಿತು ಅಂತ ಎದೆ ಧಸಕ್ ಅಂದಿತು. ಹಾಗೇನೂ ಆಗಿರಲಿಲ್ಲ. ಒಳಗಿನ ಫೋಲ್ಡರುಗಳ ಚಿತ್ರವೂ ಕಾಣಬೇಕಾದರೆ ವ್ಯೂ ಮೆನುವಿನಲ್ಲಿ "ಇನ್‌ಕ್ಲೂಡ್ ಆಲ್ಬಮ್ ಸಬ್-ಟ್ರೀ" ಆನ್ ಮಾಡಬೇಕು.

ಮೊದಲು ದಿನಾಂಕ

ಎಲ್ಲರೂ ನೇರವಾಗಿ ಟ್ಯಾಗ್ ಹಾಕಲು ಹೋಗುತ್ತಾರೆ. ನನ್ನ ಅನುಭವದಲ್ಲಿ ಮೊದಲು ಸರಿ ಮಾಡಬೇಕಾದ್ದು ದಿನಾಂಕ. ದಿನಾಂಕ ನೆಟ್ಟಗಿದ್ದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಕ್ಯಾಮೆರಾ, ಫೋನಿನಿಂದ ನೇರ ಬಂದ ಫೋಟೊಗಳದ್ದು ಸಾಮಾನ್ಯವಾಗಿ ಸರಿ ಇರುತ್ತದೆ. ತೊಂದರೆ ಕೊಡುವವು ಎರಡು ಜಾತಿ.

ಒಂದು, ವಾಟ್ಸಾಪ್ ಫೋಟೊಗಳು. ಫೋಟೊ ಎಂದಿನಂತೆ ಕಳಿಸಿದಾಗ ವಾಟ್ಸಾಪ್ ಅದರ ಬೆನ್ನ ಮೇಲಿನ ಬರಹವನ್ನು ಅಳಿಸಿಬಿಡುತ್ತದೆ. ಕಂಪ್ಯೂಟರಿಗೆ ಕಾಪಿ ಮಾಡಿದ ಮೇಲೆ 2018ರ ಗೃಹಪ್ರವೇಶ ಇವತ್ತಿನ ದಿನಾಂಕದಲ್ಲಿ ಬಂದು ಕೂರಬಹುದು. ಅದೃಷ್ಟಕ್ಕೆ ಆಂಡ್ರಾಯ್ಡ್ ಫೋನುಗಳಲ್ಲಿ ಹೆಸರಿನಲ್ಲೇ ಸುಳಿವು ಇರುತ್ತದೆ: ಐಎಂಜಿ-20180512-ಡಬ್ಲ್ಯೂಎ0007. ನಡುವಿನ ಎಂಟು ಅಂಕಿ ಓದಿ, 2018, ಮೇ 12. ಇಂಥ ಫೋಟೊಗಳನ್ನೆಲ್ಲ ಆಯ್ದು, ಐಟಂ ಮೆನುವಿನಲ್ಲಿ "ಅಡ್ಜಸ್ಟ್ ಟೈಮ್ ಆಂಡ್ ಡೇಟ್" ತೆರೆಯಿರಿ. ದಿನಾಂಕ ಎಲ್ಲಿಂದ ತೆಗೆದುಕೊಳ್ಳಬೇಕು ಅನ್ನುವ ಕಡೆ "ಫೈಲ್ ನೇಮ್" ಆರಿಸಿ. ಹಳೆಯ ದಿನಾಂಕ, ಹೊಸ ದಿನಾಂಕ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಕಣ್ಣಾಡಿಸಿ, ಸರಿ ಅನ್ನಿಸಿದರೆ ಅಪ್ಲೈ ಒತ್ತಿ. ನೆನಪಿರಲಿ, ಅದು ಫೋಟೊ ವಾಟ್ಸಾಪಿಗೆ ಬಂದ ದಿನ, ತೆಗೆದ ದಿನ ಅಲ್ಲ. ಆದರೂ ಇವತ್ತಿನ ದಿನಾಂಕಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಜಾತಿ, ಸ್ಕ್ಯಾನ್ ಮಾಡಿದ ಹಳೇ ಫೋಟೊಗಳು. ಅಜ್ಜಿ-ತಾತನ ಮದುವೆ ಫೋಟೊಗೆ ಕಂಪ್ಯೂಟರ್ ಹೋದ ಮಂಗಳವಾರದ ದಿನಾಂಕ ಹಾಕಿರುತ್ತದೆ! ಅದೇ ಕಿಟಕಿಯಲ್ಲಿ "ಕಸ್ಟಮ್" ಆರಿಸಿ ದಿನಾಂಕ ನೀವೇ ಕೊಡಿ. ವರ್ಷ ಮಾತ್ರ ಗೊತ್ತಿದ್ದರೆ ನಾನು ಜನವರಿ 1 ಅಂತ ಹಾಕುತ್ತೇನೆ. ಇಸವಿ ಅಂದಾಜು ಮಾತ್ರ ಅಂದರೆ ಕ್ಯಾಪ್ಶನ್ನಿನಲ್ಲಿ "ಇಸವಿ ಅಂದಾಜು" ಅಂತ ಬರೆದಿಡುತ್ತೇನೆ. ನಾಳೆ ಮೊಮ್ಮಕ್ಕಳು ಅದನ್ನೇ ನಿಜ ಅಂದುಕೊಳ್ಳಬಾರದಲ್ವಾ?

ಟ್ಯಾಗ್: ಯಾರು, ಎಲ್ಲಿ, ಏನು

ಟ್ಯಾಗ್ ಅಂದರೆ ಚೀಟಿ. ಒಂದು ಫೋಟೊ ಒಂದೇ ಫೋಲ್ಡರಿನಲ್ಲಿ ಇರಲು ಸಾಧ್ಯ, ಚೀಟಿ ಮಾತ್ರ ಎಷ್ಟು ಬೇಕಾದರೂ ಅಂಟಿಸಬಹುದು. ಅಜ್ಜಿ ಜಗಲಿಯಲ್ಲಿ ಕೂತ ಫೋಟೊಗೆ "ಅಜ್ಜಿ", "ಊರಿನ ಮನೆ", "ಹೂ" ಮೂರೂ ಇರಲಿ.

ಮಾಡುವುದು ಹೀಗೆ. ಫೋಟೊಗಳನ್ನು ಆಯ್ದುಕೊಳ್ಳಿ. ಸಾಲಾಗಿ ಬೇಕಾದರೆ ಶಿಫ್ಟ್ ಒತ್ತಿ ಮೊದಲನೆಯದು, ಕೊನೆಯದು ಕ್ಲಿಕ್ ಮಾಡಿ. ಬಿಡಿಬಿಡಿಯಾಗಿ ಬೇಕಾದರೆ ಕಂಟ್ರೋಲ್ ಒತ್ತಿ ಒಂದೊಂದೇ ಕ್ಲಿಕ್ ಮಾಡಿ. ಬಲಗಡೆ ಅಂಚಿನಲ್ಲಿ ಕ್ಯಾಪ್ಶನ್ಸ್ ಅನ್ನುವ ಪಟ್ಟಿ ತೆರೆದು, ಅದರಲ್ಲಿ ಟ್ಯಾಗ್ಸ್‌ಗೆ ಹೋಗಿ. ಹೊಸ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ, ಇಲ್ಲವೇ ಇರುವುದಕ್ಕೆ ಗುರುತು ಹಾಕಿ. ಕೊನೆಗೆ ಅಪ್ಲೈ. ನೂರು ಫೋಟೊ ಆಯ್ದಿದ್ದರೆ ನೂರಕ್ಕೂ ಒಂದೇ ಏಟಿಗೆ ಚೀಟಿ ಬೀಳುತ್ತದೆ.

ಕನ್ನಡದಲ್ಲೇ ಬರೆಯಬಹುದು, ಹುಡುಕಬಹುದು. ಒಂದೇ ಷರತ್ತು, ಯುನಿಕೋಡ್ ಇರಬೇಕು. ಹಳೇ ನುಡಿ, ಬರಹ ಸಾಫ್ಟ್‌ವೇರುಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ಗೋಜಲು ಅಕ್ಷರಗಳಾಗಿ ಕಾಣುತ್ತದೆ. ಇನ್ನು ಕಾಗುಣಿತ. ಒಮ್ಮೆ "ಗೃಹಪ್ರವೇಶ", ಇನ್ನೊಮ್ಮೆ "ಗೃಹ ಪ್ರವೇಶ", ಮತ್ತೊಮ್ಮೆ "ಮನೆ ಒಕ್ಕಲು" ಅಂತ ಬರೆದರೆ ಮೂರು ಬೇರೆ ಚೀಟಿ ಆಗುತ್ತವೆ. ಮನೆಯಲ್ಲಿ ಬಾಯಿಗೆ ಬರುವ ಪದ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಹುಡುಕುವಾಗಲೂ ಅದೇ ನೆನಪಾಗುವುದು.

ಟ್ಯಾಗ್ ಒಳಗೆ ಟ್ಯಾಗ್ ಇಡಬಹುದು. ನಾನು ಮೂರೇ ಬುಡ ಇಟ್ಟಿದ್ದೇನೆ: ಜನ, ಜಾಗ, ಸಂದರ್ಭ. ಜಾಗದ ಕೆಳಗೆ "ಊರಿನ ಮನೆ", ಅದರ ಕೆಳಗೆ "ಜಗಲಿ", "ಹಿತ್ತಲು". ಸಂದರ್ಭದ ಕೆಳಗೆ ಮದುವೆ, ನಾಮಕರಣ, ಹಬ್ಬ. ಇದಕ್ಕಿಂತ ಆಳಕ್ಕೆ ಹೋದರೆ ಫೋಟೊ ನೋಡುವ ಬದಲು ಚೀಟಿ ಜೋಡಿಸುತ್ತಾ ಕೂರುತ್ತೀರಿ.

ಎಲ್ಲ ಫೋಟೊಗೂ ಟ್ಯಾಗ್ ಬೇಕಾ? ಬೇಡ. ಒಂದು ಮದುವೆಯ ಎಂಟುನೂರು ಚಿತ್ರಕ್ಕೂ "ಮದುವೆ" ಅಂತ ಒಂದೇ ಸಲ ಅಂಟಿಸಿ. ಅದರಲ್ಲಿ ಚೆನ್ನಾಗಿ ಬಂದ ಮೂವತ್ತಕ್ಕೆ ನಕ್ಷತ್ರ ಕೊಡಿ. ಕಂಟ್ರೋಲ್ ಜೊತೆ 5 ಒತ್ತಿದರೆ ಐದು ನಕ್ಷತ್ರ, 0 ಒತ್ತಿದರೆ ಇದ್ದದ್ದೂ ಹೋಗುತ್ತದೆ. ಯಾರಾದರೂ ಫೋಟೊ ಕೇಳಿದಾಗ ಕಳಿಸುವುದು ಆ ಮೂವತ್ತರಿಂದಲೇ ತಾನೇ?

ಮುಖಗಳು

ಎಡಗಡೆ ಅಂಚಿನಲ್ಲಿ ಪೀಪಲ್ ಅಂತ ಇದೆ. ಅಲ್ಲಿ "ಸ್ಕ್ಯಾನ್ ಕಲೆಕ್ಷನ್ ಫಾರ್ ಫೇಸಸ್" ಒತ್ತಿ, ಮೊದಲು ಮುಖ ಪತ್ತೆ ಮಾಡುವ ಆಯ್ಕೆ ಕೊಡಿ. ಇದು ನಿಧಾನ. ರಾತ್ರಿ ಹಚ್ಚಿ ಮಲಗಿದರೆ ಒಳ್ಳೆಯದು. ಬೆಳಗ್ಗೆ "ಅನ್‌ನೋನ್" ಕೆಳಗೆ ಮುಖಗಳ ಜಾತ್ರೆಯೇ ಸೇರಿರುತ್ತದೆ. ನಡುವೆ ಗಣಪತಿ ವಿಗ್ರಹ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ, ಪೇಪರಿನ ರಾಜಕಾರಣಿಯೂ ಸಿಗಬಹುದು. ಅವರನ್ನೆಲ್ಲ ಇಗ್ನೋರ್ ಮಾಡಿ.

ಬೇಕಾದವರ ಮುಖದ ಕೆಳಗೆ ಹೆಸರು ಬರೆದು ಎಂಟರ್ ಒತ್ತಿ. ಒಬ್ಬೊಬ್ಬರದ್ದು ಹತ್ತು-ಹದಿನೈದು ಮುಖ, ಬೇರೆ ಬೇರೆ ವಯಸ್ಸಿನದ್ದು, ಕನ್ನಡಕ ಹಾಕಿದ್ದು, ಹಾಕದ್ದು. ಆಮೇಲೆ ಅದೇ ಜಾಗದಲ್ಲಿ ಗುರುತಿಸುವ ಆಯ್ಕೆ ಕೊಟ್ಟು ಮತ್ತೆ ಓಡಿಸಿ. ಅದು ಊಹಿಸಿದ್ದು "ಅನ್‌ಕನ್ಫರ್ಮ್ಡ್" ಕೆಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಒಬ್ಬರೇ ಅಂದಿತು. ನೆಂಟರೂ ಹಾಗೇ ಅನ್ನುತ್ತಾರೆ, ಬಿಡಿ. ನೀವು ಸರಿ ಅಂದ ಮೇಲೆ ಮಾತ್ರ ಹೆಸರು ಗಟ್ಟಿಯಾಗುತ್ತದೆ. ಈ ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಮನೆಯವರ ಮುಖ ಯಾವ ಸರ್ವರಿಗೂ ಹೋಗುವುದಿಲ್ಲ. ನನಗೆ ಇದು ಇಷ್ಟವಾಗಲು ಅದೂ ಒಂದು ಕಾರಣ.

ಈಗ ಹುಡುಕೋಣ

ಚಿಕ್ಕಮ್ಮ ಕೊಟ್ಟ ಸುಳಿವುಗಳನ್ನೇ ಇಟ್ಟುಕೊಳ್ಳೋಣ. ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಜಗಲಿ, ಹೂ, ಅಣ್ಣನ ಮಗಳ ಮದುವೆ ಆದಮೇಲೆ.

ಮದುವೆ ಯಾವಾಗ? ಎಡಗಡೆ ಟ್ಯಾಗ್ಸ್‌ನಲ್ಲಿ "ಮದುವೆ" ಕ್ಲಿಕ್ ಮಾಡಿದರೆ ಮಾವನ ಮಗಳ ಮದುವೆ ಫೋಟೊಗಳು ಕಾಣುತ್ತವೆ. ಒಂದರ ಮೇಲೆ ಕ್ಲಿಕ್ ಮಾಡಿ, ಬಲಗಡೆ ಪ್ರಾಪರ್ಟೀಸ್ ನೋಡಿದರೆ ದಿನಾಂಕ ಸಿಗುತ್ತದೆ. ಮೇ 2009.

ಈಗ ಎಡಗಡೆ ಟೈಮ್‌ಲೈನ್ ತೆರೆಯಿರಿ. ಯಾವ ಕಾಲದಲ್ಲಿ ಎಷ್ಟು ಫೋಟೊ ಅನ್ನುವುದು ಕಂಬಗಳಾಗಿ ನಿಂತಿರುತ್ತದೆ. ದಿನ, ವಾರ, ತಿಂಗಳು, ವರ್ಷ ಯಾವ ಲೆಕ್ಕದಲ್ಲಿ ಬೇಕಾದರೂ ನೋಡಬಹುದು. ತಿಂಗಳ ಲೆಕ್ಕ ಇಟ್ಟು, ಮದುವೆಯ ನಂತರದ ತಿಂಗಳುಗಳನ್ನು ಆಯ್ದುಕೊಳ್ಳಿ. ಎತ್ತರದ ಕಂಬ ಕಂಡರೆ ಅಲ್ಲೇನೋ ವಿಶೇಷ ನಡೆದಿದೆ ಅಂತ ಅರ್ಥ. ಹಬ್ಬ, ಪ್ರವಾಸ, ಇಲ್ಲಾ ಹೊಸ ಕ್ಯಾಮೆರಾ.

ನಡುವೆ ಕಾಣುವ ಚಿತ್ರಗಳನ್ನು ಇನ್ನೂ ಸೋಸಲು ಬಲಗಡೆ ಫಿಲ್ಟರ್ಸ್ ತೆರೆದು "ಅಜ್ಜಿ", "ಜಗಲಿ" ಎರಡಕ್ಕೂ ಗುರುತು ಹಾಕಿ. ಇಲ್ಲಿ ಎಲ್ಲರೂ ಎಡವುತ್ತಾರೆ. ಎರಡು ಟ್ಯಾಗ್ ಕೊಟ್ಟಾಗ "ಅಜ್ಜಿ ಅಥವಾ ಜಗಲಿ" ಅನ್ನುವ ಲೆಕ್ಕ ಇದ್ದರೆ, ಅಜ್ಜಿ ಇಲ್ಲದ ಜಗಲಿಗಳೂ, ಜಗಲಿ ಇಲ್ಲದ ಅಜ್ಜಿಯೂ ಬಂದು ರಾಶಿ ದೊಡ್ಡದಾಗುತ್ತದೆ. ಆ ಟ್ಯಾಗ್ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾಚಿಂಗ್ ಕಂಡಿಶನ್‌ನಲ್ಲಿ "ಆಂಡ್" ಆರಿಸಿ. ಆಗ ಎರಡೂ ಇರುವುದು ಮಾತ್ರ ಉಳಿಯುತ್ತದೆ. ನನಗೆ ಹನ್ನೊಂದು ಫೋಟೊ ಉಳಿದವು. ಹಸಿರು ಸೀರೆ ನಾಲ್ಕನೆಯದು.

ಟ್ಯಾಗ್ ಹಾಕಿಲ್ಲದ ರಾಶಿಯಲ್ಲಿ ಹುಡುಕಬೇಕಾದರೆ ಎಡಗಡೆಯ ಸರ್ಚ್ ಇದೆ. ಅದರ ಅಡ್ವಾನ್ಸ್ಡ್ ಸರ್ಚಿನಲ್ಲಿ ಫೋಲ್ಡರ್, ದಿನಾಂಕ, ಕ್ಯಾಮೆರಾ, ಕ್ಯಾಪ್ಶನ್, ರೇಟಿಂಗ್ ಎಲ್ಲ ಕೂಡಿಸಿ ಕೇಳಬಹುದು. ಕ್ಯಾಮೆರಾ ಮಾಡೆಲ್ ಹಿಡಿದು ಹುಡುಕುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. "ಆ ಫೋಟೊ ತೆಗೆದದ್ದು ಅಪ್ಪನ ಹಳೇ ಕ್ಯಾಮೆರಾದಲ್ಲಿ" ಅಂತ ನೆನಪಿದ್ದರೆ ಅಷ್ಟೇ ಸಾಕು.

ಇನ್ನೊಂದು ಮಾತ್ರ ನಿಜವಾಗಿ ಕೈಚಳಕದ ಕೆಲಸ. ಎಷ್ಟೋ ಸಲ ವಾಟ್ಸಾಪಿನ ಪುಟ್ಟ ಕಾಪಿ ಕಣ್ಣ ಮುಂದೆ ಇರುತ್ತದೆ, ಒರಿಜಿನಲ್ ಎಲ್ಲಿದೆ ಗೊತ್ತಿರುವುದಿಲ್ಲ. ಆಗ ಎಡಗಡೆ ಸಿಮಿಲಾರಿಟಿ ತೆರೆದು, ಅದರಲ್ಲಿ ಇಮೇಜ್ ಅನ್ನುವ ಕಡೆ ಆ ಪುಟ್ಟ ಕಾಪಿಯನ್ನು ಎಳೆದು ಹಾಕಿ. ಅದರಂತೇ ಇರುವುದನ್ನೆಲ್ಲ ಎತ್ತಿ ತರುತ್ತದೆ. ಅಳತೆ ನೋಡಿದರೆ ದೊಡ್ಡದೇ ಒರಿಜಿನಲ್. ಇದು ಕೆಲಸ ಮಾಡಬೇಕಾದರೆ ಮೊದಲು ಒಂದು ಸಲ ಟೂಲ್ಸ್ ಮೆನುವಿನ ಮೇಂಟೆನೆನ್ಸ್‌ನಲ್ಲಿ ಎಲ್ಲ ಚಿತ್ರಗಳ ಫಿಂಗರ್‌ಪ್ರಿಂಟ್ ತಯಾರಿಸಿಕೊಂಡಿರಬೇಕು. ಅದೇ ಬೆರಳಚ್ಚಿನಿಂದ ಡೂಪ್ಲಿಕೇಟ್ ಕೂಡ ಪತ್ತೆಯಾಗುತ್ತದೆ. ಡೂಪ್ಲಿಕೇಟ್ ಅಳಿಸುವಾಗ ಮಾತ್ರ ಅವಸರ ಬೇಡ. ಒಮ್ಮೆ ನಾನು ಪುಟ್ಟದನ್ನು ಇಟ್ಟುಕೊಂಡು ದೊಡ್ಡದನ್ನೇ ಅಳಿಸಿದ್ದೆ. ಡಿಜಿಕ್ಯಾಮಿಗೆ ತನ್ನದೇ ಕಸದ ಬುಟ್ಟಿ ಇದೆ, ಆಲ್ಬಮ್ ಪಟ್ಟಿಯಲ್ಲೇ ಟ್ರ್ಯಾಶ್ ಅಂತ ಕಾಣುತ್ತದೆ. ಅಲ್ಲಿಂದ ಆರಿಸಿ ರೀಸ್ಟೋರ್ ಕೊಟ್ಟೆ, ಬಂತು. ಬುಟ್ಟಿ ಖಾಲಿ ಮಾಡಿದ್ದಿದ್ದರೆ ಕಥೆ ಮುಗಿದಿತ್ತು.

ಹಾಗೆಯೇ, ಫೋಟೊ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸುವುದಿದ್ದರೆ ಡಿಜಿಕ್ಯಾಮಿನ ಒಳಗಿನಿಂದಲೇ ಮಾಡಿ. ಹೊರಗೆ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಮಾಡಿದರೆ ಅದು ಫೋಟೊ ಕಾಣೆಯಾಗಿದೆ ಅಂದುಕೊಳ್ಳಬಹುದು.

ಕಳಿಸುವ ಮುಂಚೆ ಒಂದು ಪ್ರಶ್ನೆ: ಯಾತಕ್ಕೆ?

ಸುಮ್ನೆ ಫೋನಿನಲ್ಲಿ ನೋಡಲಿಕ್ಕಾ, ಪ್ರಿಂಟ್ ಹಾಕಿಸಲಿಕ್ಕಾ? ಇಷ್ಟು ಕೇಳಿದ್ದಿದ್ದರೆ ನನ್ನ ಭಾನುವಾರದ ಅರ್ಧ ಕಷ್ಟ ತಪ್ಪುತ್ತಿತ್ತು. ಚಿಕ್ಕಮ್ಮ ಮೊದಲೇ ಹೇಳಿದ್ದರು, ಕಟ್ಟು ಹಾಕಿಸಬೇಕು ಅಂತ. ನನ್ನ ಕಿವಿಗೇ ಬಿದ್ದಿರಲಿಲ್ಲ.

ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕಿ) ಇದ್ದರೆ ಅಚ್ಚುಕಟ್ಟು. 4×6 ಇಂಚಿಗೆ 1200×1800 ಸಾಕು. ಗೋಡೆಗೆ ಹಾಕುವ ದೊಡ್ಡ ಪ್ರಿಂಟನ್ನು ದೂರದಿಂದ ನೋಡುತ್ತೇವೆ, 200ರ ಆಸುಪಾಸಿನಲ್ಲೂ ನಡೆಯುತ್ತದೆ. ಅಜ್ಜಿಯ ಫೋಟೊ 10 ಮೆಗಾಪಿಕ್ಸೆಲ್ ಕ್ಯಾಮೆರಾದ್ದು, 3872×2592 ಪಿಕ್ಸೆಲ್. 12×18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 215 ಬರುತ್ತದೆ, ಧಾರಾಳ. ವಾಟ್ಸಾಪಿನಲ್ಲಿ ಎಂದಿನಂತೆ ಕಳಿಸಿದ ಕಾಪಿ ಉದ್ದದ ಕಡೆ 1600 ಪಿಕ್ಸೆಲ್ಲಿಗೆ ಇಳಿದಿತ್ತು. ಅದನ್ನೇ 18 ಇಂಚಿಗೆ ಎಳೆದರೆ ಇಂಚಿಗೆ 89. ಸ್ಟುಡಿಯೊದವರು ಒಡೆದುಹೋಗುತ್ತೆ ಅಂದದ್ದು ಇದಕ್ಕೇ.

ವಾಟ್ಸಾಪಿನಲ್ಲಿ ಒರಿಜಿನಲ್. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆಯಿರಿ. ಲಗತ್ತಿಸುವ ಗುರುತು ಒತ್ತಿ, "ಫೋಟೋಸ್" ಬದಲು "ಡಾಕ್ಯುಮೆಂಟ್" ಆರಿಸಿ, ಅಲ್ಲಿಂದ ಫೋಟೊ ಕೊಡಿ. ಫೈಲ್ ಇದ್ದ ಹಾಗೇ ಹೋಗುತ್ತದೆ, ಒಂದು ಫೈಲ್ 2 ಜಿಬಿವರೆಗೂ ಇರಬಹುದು. ಹೋದದ್ದು ಸರಿಯಾ ಅಂತ ತಿಳಿಯಬೇಕಾದರೆ ಗಾತ್ರ ನೋಡಿ. ನಿಮ್ಮಲ್ಲಿ 4 ಎಂಬಿ ಇದ್ದದ್ದು ಅಲ್ಲಿಯೂ 4 ಎಂಬಿಯೇ ತೋರಿಸಬೇಕು. ಇನ್ನೊಂದು ಕಿವಿಮಾತು: ಆ ಕಡೆಯವರಿಗೂ ಹೇಳಿ. ನೀವು ಡಾಕ್ಯುಮೆಂಟ್ ಆಗಿ ಕಳಿಸಿ, ಅವರು ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಟುಡಿಯೊಗೆ ಕೊಟ್ಟರೆ ಎಲ್ಲ ನೀರಲ್ಲಿ ಹೋಮ.

ಫೈಲ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ. ಡಿಜಿಕ್ಯಾಮಿನಲ್ಲಿ ಹುಡುಕಿದ ಫೋಟೊಗಳು ಹತ್ತು ಫೋಲ್ಡರಿನಲ್ಲಿ ಚೆದುರಿರಬಹುದು. ಒಂದೊಂದನ್ನೇ ಬೇಟೆ ಆಡಬೇಡಿ. ಎಲ್ಲವನ್ನೂ ಆಯ್ದು, ಎಕ್ಸ್‌ಪೋರ್ಟ್‌ನಲ್ಲಿ "ಲೋಕಲ್ ಸ್ಟೋರೇಜ್" ಕೊಡಿ. ಡೆಸ್ಕ್‌ಟಾಪಿನಲ್ಲಿ "ಚಿಕ್ಕಮ್ಮನಿಗೆ" ಅಂತ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿಸಿ. ಒರಿಜಿನಲ್ ಇದ್ದಲ್ಲೇ ಇರುತ್ತದೆ, ಕಾಪಿ ಮಾತ್ರ ಬರುತ್ತದೆ. ಕಳಿಸಿದ ಮೇಲೆ ಆ ಫೋಲ್ಡರ್ ಅಳಿಸಿ. ಹೊಸ ಆವೃತ್ತಿಗಳಲ್ಲಿ ಅದೇ ಕಿಟಕಿಯಲ್ಲೇ ಅಳತೆ ಇಳಿಸುವ, ಜೆಪೆಗ್ ಮಾಡುವ, ಮೆಟಾಡೇಟಾ ತೆಗೆಯುವ ಆಯ್ಕೆಯೂ ಇದೆ.

ಮೇಲ್. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ಮಿತಿ. 4 ಎಂಬಿಯ ಐದು ಫೋಟೊ ಆರಾಮವಾಗಿ ಹೋಗುತ್ತವೆ. ಅದಕ್ಕೂ ಜಾಸ್ತಿ ಆದರೆ ಜಿಮೇಲ್ ತಾನೇ ಡ್ರೈವ್ ಲಿಂಕ್ ಮಾಡಿ ಕಳಿಸುತ್ತದೆ. ಡಿಜಿಕ್ಯಾಮಿನಲ್ಲೂ ಮೇಲ್ ಕಳಿಸುವ ಟೂಲ್ ಇದೆ. ಆದರೆ ಅದಕ್ಕೆ ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಇರಬೇಕು. ಬ್ರೌಸರಿನಲ್ಲೇ ಮೇಲ್ ನೋಡುವವರಿಗೆ ಅದರಿಂದ ಪ್ರಯೋಜನ ಇಲ್ಲ.

ನೂರಾರು ಫೋಟೊ, ಹತ್ತಾರು ಜನ. ಮದುವೆ ಫೋಟೊ ನೆಂಟರಿಗೆಲ್ಲ ಹಂಚಬೇಕಾದರೆ ಗೂಗಲ್ ಡ್ರೈವ್ ಫೋಲ್ಡರ್ ಮಾಡಿ ಲಿಂಕ್ ಕೊಡುವುದು ಸುಲಭ. "ಲಿಂಕ್ ಇದ್ದ ಯಾರಾದರೂ ನೋಡಬಹುದು" ಅಂತ ಇಟ್ಟರೆ ಆ ಲಿಂಕ್ ಫ್ಯಾಮಿಲಿ ಗ್ರೂಪಿನಿಂದ ಎಲ್ಲೆಲ್ಲಿಗೋ ಹಾರಬಹುದು. ಒಂದು ತಿಂಗಳಾದ ಮೇಲೆ ನಾನು ಲಿಂಕ್ ಮುಚ್ಚುತ್ತೇನೆ, ಮೊದಲೇ ಹೇಳಿರುತ್ತೇನೆ ಕೂಡ. ಜಾಗದ ಲೆಕ್ಕವೂ ಇರಲಿ. ಗೂಗಲ್ ಕೊಡುವ ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಪಾಲುದಾರರು. ವಯಸ್ಸಾದವರಿಗೆ ಲಿಂಕ್‌ಗಿಂತ ಪೆನ್ ಡ್ರೈವ್ ವಾಸಿ. ಟಿವಿಗೆ ಚುಚ್ಚಿ ಎಲ್ಲರೂ ಕೂತು ನೋಡುತ್ತಾರೆ.

ನೋಡಲಿಕ್ಕೆ ಮಾತ್ರ ಅಂದರೆ ಫೋಟೊಗಳನ್ನು ಸಣ್ಣದು ಮಾಡಿ ಕಳಿಸಬಹುದು. ಆಯ್ದುಕೊಂಡು ಬಿ ಕೀ ಒತ್ತಿದರೆ ಬ್ಯಾಚ್ ಕ್ಯೂ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಮೊದಲು ಕಾಪಿಗಳು ಯಾವ ಆಲ್ಬಮ್ಮಿಗೆ ಹೋಗಬೇಕು ಅಂತ ಹೇಳಿ. ಆಮೇಲೆ ಟೂಲ್‌ಗಳ ಪಟ್ಟಿಯಿಂದ ರೀಸೈಜ್ ಎಳೆದು ಹಾಕಿ, ಉದ್ದದ ಕಡೆ 2000 ಪಿಕ್ಸೆಲ್ ಅನ್ನಿ. ರನ್ ಒತ್ತಿ. ಐಫೋನಿನ ಎಚ್‌ಇಐಸಿ ಫೈಲುಗಳಿದ್ದರೆ ಇಲ್ಲೇ ಕನ್ವರ್ಟ್ ಟು ಜೆಪೆಗ್ ಕೂಡ ಹಾಕಿ. 2017ರ ಐಓಎಸ್ 11ರಿಂದ ಐಫೋನುಗಳು ಸಾಮಾನ್ಯವಾಗಿ ಫೋಟೊಗಳನ್ನು ಈ ಬಗೆಯ ಫೈಲಿನಲ್ಲೇ ಉಳಿಸುತ್ತವೆ, ಎಲ್ಲ ಕಂಪ್ಯೂಟರ್, ಎಲ್ಲ ಸ್ಟುಡಿಯೊದಲ್ಲೂ ಅದು ತೆರೆಯುವುದಿಲ್ಲ.

ಲೊಕೇಶನ್. ಒರಿಜಿನಲ್ ಕಳಿಸಿ ಅಂತ ಇಷ್ಟೊತ್ತು ಹೇಳಿದೆ. ಅದಕ್ಕೊಂದು ಎಚ್ಚರಿಕೆ. ಒರಿಜಿನಲ್ಲಿನ ಬೆನ್ನಲ್ಲಿ ಫೋಟೊ ತೆಗೆದ ಜಾಗವೂ ಬರೆದಿರಬಹುದು. ಮನೆಯಲ್ಲಿ ತೆಗೆದ ಮಗುವಿನ ಫೋಟೊ ಅಂದರೆ ಮನೆಯ ಬಾಗಿಲಿನ ತನಕ ದಾರಿ. ಬಲಗಡೆ ಮ್ಯಾಪ್ ಪಟ್ಟಿ ತೆರೆದು ನೋಡಿ, ಗುರುತು ಕಂಡರೆ ಲೊಕೇಶನ್ ಇದೆ ಅಂತ. ಮನೆಯವರಿಗಾದರೆ ಚಿಂತೆ ಇಲ್ಲ. ಹಳೇ ಬೈಕ್ ಮಾರಲು ಫೋಟೊ ಹಾಕುತ್ತಿದ್ದೀರಾ, ಗುರುತಿಲ್ಲದವರಿಗೆ ಕಳಿಸುತ್ತಿದ್ದೀರಾ, ಆಗ ಬ್ಯಾಚ್ ಕ್ಯೂನಲ್ಲಿ ರಿಮೂವ್ ಮೆಟಾಡೇಟಾ ಹಾಕಿ ಕಾಪಿ ಮಾಡಿ. ಒರಿಜಿನಲ್ ಮೇಲೆ ಮಾತ್ರ ಈ ಕೆಲಸ ಮಾಡಬೇಡಿ. ಕಷ್ಟಪಟ್ಟು ಬರೆದ ಟ್ಯಾಗುಗಳೂ ಅದರ ಜೊತೆ ತೊಳೆದುಹೋಗುತ್ತವೆ.

ಸ್ಟುಡಿಯೊಗೆ ಕೊಡುವಾಗ. ಜೆಪೆಗ್ ಕೊಡಿ. ಫೈಲಿನ ಹೆಸರು ಇಂಗ್ಲಿಷಿನಲ್ಲಿ, ಚಿಕ್ಕದಾಗಿ ಇರಲಿ. ಕನ್ನಡದ ಹೆಸರು ಕೆಲವು ಹಳೇ ಮಷೀನುಗಳಿಗೆ ಅರ್ಥವಾಗುವುದಿಲ್ಲ. ಎಫ್2 ಒತ್ತಿದರೆ ಹೆಸರು ಬದಲಿಸಬಹುದು, ಕಾಪಿಯದ್ದು ಬದಲಿಸಿದರೆ ಸಾಕು. ಅಳತೆಯನ್ನು ಇಂಚಿನಲ್ಲಿ ಹೇಳಿ, ಅಂಚು ಕತ್ತರಿಸಬೇಕಾಗುತ್ತದಾ ಅಂತ ಮೊದಲೇ ಕೇಳಿ. ಅಜ್ಜಿಯ ಫೋಟೊ 3:2 ಅಳತೆಯದ್ದು, 12×18ಕ್ಕೆ ಸರಿಯಾಗಿ ಕೂತಿತು. ಫೋನಿನ ಫೋಟೊ ಹೆಚ್ಚಾಗಿ 4:3 ಇರುತ್ತದೆ. ಅದನ್ನು 12×18ಕ್ಕೆ ಹಾಕಿಸಿದರೆ ಅಂಚಿನಲ್ಲಿ ಒಂದಷ್ಟು ಹೋಗುತ್ತದೆ. ತಲೆಯ ಮೇಲಿನ ಹೂವೋ, ಕಾಲಿನ ಹತ್ತಿರ ಕೂತ ಮಗುವೋ ಹೋಗಬಾರದಲ್ವಾ?

ಆ ಭಾನುವಾರ ರಾತ್ರಿ ಡಿಎಸ್‌ಸಿ_0417 ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿದೆ. ಬುಧವಾರ ಸಂಜೆ ಚಿಕ್ಕಮ್ಮ ಗೋಡೆಗೆ ಹಾಕಿದ ಕಟ್ಟಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಕನಕಾಂಬರದ ಹಾರ, ಪಕ್ಕದಲ್ಲಿ ದೀಪ, ಗಾಜಿನಲ್ಲಿ ಅರ್ಧ ಚಿಕ್ಕಮ್ಮ. ಐಎಂಜಿ, ದಿನಾಂಕ, ಡಬ್ಲ್ಯೂಎ0003. ಅದನ್ನೂ ಇಳಿಸಿಕೊಂಡೆ. "ಅಜ್ಜಿ", "ಚಿಕ್ಕಮ್ಮ", "ಹಾಸನ", "ತಿಥಿ". ಅಪ್ಲೈ.